ಬೇಟ್‌ಕಾಸ್ಟಿಂಗ್ ರೀಲ್: ಎಸೆದಾಗೆಲ್ಲ ದಾರ ಸಿಕ್ಕಾಗುತ್ತಿದೆ, ಪರಿಹಾರ ಹೇಳಿ

ಪಂಚಗಂಗಾವಳಿ:

ಎಲ್ಲರಿಗೂ ನಮಸ್ಕಾರ. ನಾನು ಕುಂದಾಪುರ ಕಡೆಯವನು. ಅಳಿವೆಯಲ್ಲಿ ಕೆಂಬೇರಿ, ಬಾರಾಮುಂಡಿ ಮೀನಿಗೆ ಇಷ್ಟು ದಿನ ಸ್ಪಿನ್ನಿಂಗ್ ರೀಲಲ್ಲೇ ಗಾಳ ಹಾಕುತ್ತಿದ್ದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬುಡಕ್ಕೆ ಗುರಿಯಿಟ್ಟು ಎಸೆಯಲು ಬೇಟ್‌ಕಾಸ್ಟಿಂಗ್ ರೀಲೇ ಒಳ್ಳೇದು ಅಂತ ಗೆಳೆಯರು ಹೇಳಿದ್ದಕ್ಕೆ ಈಗ ಅದನ್ನು ತಗೊಂಡಿದ್ದೇನೆ. ಆದರೆ ಎಸೆದಾಗೆಲ್ಲ ಸ್ಪೂಲಿನ (ದಾರ ಸುತ್ತಿರುವ ಉರುಳೆ) ಮೇಲೆ ದಾರ ಉಬ್ಬಿ ಸಿಕ್ಕಾಗುತ್ತದೆ. ಗಾಳ ಹಾಕುವುದಕ್ಕಿಂತ ಸಿಕ್ಕು ಬಿಡಿಸುವುದರಲ್ಲೇ ಹೊತ್ತು ಹೋಗುತ್ತಿದೆ.

ರಾಡ್ 7 ಅಡಿ, ಮೀಡಿಯಂ ಹೆವಿ, ಅಂದರೆ ಸ್ವಲ್ಪ ಗಡುಸಾದದ್ದು. 20 ಪೌಂಡಿನ ಬ್ರೇಡನ್ನು (ಹೆಣೆದ ದಾರ) ಸ್ಪೂಲಿನ ಅಂಚಿನವರೆಗೂ ತುಂಬಿಸಿದ್ದೇನೆ. ಲೂರ್ (ಕೃತಕ ಎರೆ) 7 ಗ್ರಾಂ. ರೀಲಿನ ಎಡಗಡೆ 0ಯಿಂದ 10ರವರೆಗೆ ತಿರುಗುವ ಡಯಲ್ ಇದೆ, ಈಗ 3ರಲ್ಲಿಟ್ಟಿದ್ದೇನೆ. ಹ್ಯಾಂಡಲ್ ಪಕ್ಕದ ಸಣ್ಣ ತಿರುಪನ್ನು ಬಿಗಿ ಮಾಡಿದರೆ ಲೂರ್ ಹತ್ತು ಮೀಟರೂ ಹೋಗಲ್ಲ. ಸಡಿಲ ಮಾಡಿದರೆ ಸಿಕ್ಕು. ನಾನು ಹೋಗುವುದು ಹೆಚ್ಚಾಗಿ ಸಂಜೆ ಹೊತ್ತು. ರೀಲಿನಲ್ಲೇ ಏನಾದರೂ ದೋಷ ಇರಬಹುದಾ?

ಕೆರೆದಂಡೆ:

ರೀಲಿನಲ್ಲಿ ದೋಷ ಇರುವ ಹಾಗೆ ಕಾಣಲ್ಲ ಸರ್, ವಾಪಸ್ ಕೊಡಲು ಹೋಗಬೇಡಿ. ಮೊದಲು ಒಂದು ವಿಷಯ ಹೇಳಿ. ಸಿಕ್ಕು ಬೀಳುವುದು ಯಾವಾಗ? ರಾಡ್ ಬೀಸಿದ ಕೂಡಲೇನಾ, ಲೂರ್ ಅರ್ಧ ದಾರಿ ಹೋದ ಮೇಲಾ, ಇಲ್ಲ ನೀರಿಗೆ ಬಿದ್ದ ಮೇಲಾ? ನೋಡಲು ಮೂರೂ ಒಂದೇ ಥರ ಇರುತ್ತವೆ, ಆದರೆ ಕಾರಣ ಬೇರೆ ಬೇರೆ. ಅದನ್ನು ಗಮನಿಸದೆ ಸುಮ್ನೆ ಡಯಲ್ ತಿರುಗಿಸುತ್ತಾ ಹೋದರೆ ಬಗೆಹರಿಯಲ್ಲ.

ಪಂಚಗಂಗಾವಳಿ:

ಇವತ್ತು ಅದನ್ನೇ ನೋಡಿದೆ ಸರ್. ಜಾಸ್ತಿ ಸಲ ಬೀಸಿದ ತಕ್ಷಣವೇ ಆಗುತ್ತದೆ. ಝರ್ ಅಂತ ಶಬ್ದ ಬರುತ್ತದೆ, ಲೂರ್ ಅಲ್ಲೇ ಎದುರಿಗೆ ಟಪ್ ಅಂತ ಬೀಳುತ್ತದೆ. ಕೆಲವು ಸಲ ಚೆನ್ನಾಗಿಯೇ ಹೋಗುತ್ತದೆ, ಆದರೆ ನೀರಿಗೆ ಬಿದ್ದ ಮೇಲೆ ನೋಡಿದರೆ ಸ್ಪೂಲಿನಲ್ಲಿ ಸುತ್ತುಗಳು ಸಡಿಲಾಗಿ ಎದ್ದಿರುತ್ತವೆ. ಗಾಳಿ ಜೋರಿದ್ದಾಗ ನಡುವೆಯೂ ಆಗುತ್ತದೆ.

ಕೆರೆದಂಡೆ:

ಹಾಗಾದರೆ ಮೂರೂ ಇವೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಸ್ಪಿನ್ನಿಂಗ್ ರೀಲಿನಲ್ಲಿ ಎಸೆಯುವಾಗ ಸ್ಪೂಲ್ ತಿರುಗಲ್ಲ, ದಾರ ಅದರ ಅಂಚಿನಿಂದ ಸುರುಳಿಯಾಗಿ ಕಳಚಿಕೊಂಡು ಹೋಗುತ್ತದೆ. ಇದರಲ್ಲಿ ಸ್ಪೂಲೇ ತಿರುಗಬೇಕು. ಲೂರ್ ದಾರವನ್ನು ಎಳೆಯುತ್ತದೆ, ದಾರ ಸ್ಪೂಲನ್ನು ತಿರುಗಿಸುತ್ತದೆ. ಗಾಳಿ ತಡೆಯುವುದರಿಂದ ಲೂರಿನ ವೇಗ ಇಳಿಯುತ್ತಾ ಹೋಗುತ್ತದೆ. ಸ್ಪೂಲ್ ಮಾತ್ರ ಹಿಡಿದ ವೇಗವನ್ನು ಬಿಡಲ್ಲ. ಗಾಳಿಪಟ ಎಳೆಯುವುದನ್ನು ನಿಲ್ಲಿಸಿದ ಮೇಲೂ ಚರಕ ತಿರುಗುತ್ತಲೇ ಇದ್ದರೆ ನೂಲು ಗೋಜಲಾಗುತ್ತದಲ್ವಾ, ಇಲ್ಲೂ ಅದೇ. ಬಿಚ್ಚಿಕೊಂಡ ದಾರ ಹೊರಗೆ ಹೋಗಲಾಗದೆ ಉಬ್ಬಿ, ಒಂದು ಸುತ್ತು ಇನ್ನೊಂದರ ಅಡಿಗೆ ನುಗ್ಗಿ ಬಿಗಿಯುತ್ತದೆ. ಇದನ್ನೇ ಬ್ಯಾಕ್‌ಲ್ಯಾಷ್ ಅನ್ನುವುದು.

ಬೀಸಿದ ಕೂಡಲೇ ಸಿಕ್ಕಾದರೆ ಸಾಮಾನ್ಯವಾಗಿ ಎರಡು ಕಾರಣ. ಒಂದು, ಜರ್ಕ್ ಹೊಡೆದ ಹಾಗೆ ಬೀಸುವುದು. ಸ್ಪಿನ್ನಿಂಗ್ ರೀಲಿನಿಂದ ಬಂದವರ ಕೈಗೆ ಮಣಿಕಟ್ಟಿನಲ್ಲಿ ಚಕ್ಕಂತ ಎಸೆದು ರೂಢಿಯಾಗಿರುತ್ತದೆ. ಇಲ್ಲಿ ಹಾಗೆ ಮಾಡಿದರೆ ಸ್ಪೂಲ್ ಒಮ್ಮೆಲೇ ಪೂರ್ತಿ ವೇಗಕ್ಕೆ ಹೋಗುತ್ತದೆ, ಲೂರ್ ಹಿಂದೆ ಬೀಳುತ್ತದೆ. ಇನ್ನೊಂದು, ಲೂರಿನ ತೂಕ ಸಾಲದಿರುವುದು. ನಿಮ್ಮ 7 ಗ್ರಾಂ ಲೂರಿಗೆ ಮೀಡಿಯಂ ಹೆವಿ ರಾಡನ್ನು ಬಗ್ಗಿಸುವ ಶಕ್ತಿ ಇಲ್ಲ. ರಾಡ್ ಬಗ್ಗದಿದ್ದರೆ ಎಲ್ಲಾ ಬಲವನ್ನೂ ಕೈಯೇ ಹಾಕಬೇಕು, ಮತ್ತೆ ಜರ್ಕ್ ಬರುತ್ತದೆ. ಅಷ್ಟು ಹಗುರದ ಲೂರಿಗೆ ಅಂತಲೇ ಬೇಟ್ ಫಿನೆಸ್ ರೀಲುಗಳು ಬೇರೆ ಇವೆ. ಕಲಿಯುವಾಗ 14ರಿಂದ 18 ಗ್ರಾಂ ಕಟ್ಟಿ. ರಾಡಿನ ಹಿಡಿ ಹತ್ತಿರ ಎಷ್ಟು ಗ್ರಾಮಿನ ಲೂರಿಗೆ ಅಂತ ಬರೆದಿರುತ್ತದೆ, ಅದರ ನಡುವಿನ ತೂಕ ಆರಿಸಿಕೊಳ್ಳಿ. ಕೊಕ್ಕೆ ತೆಗೆದುಬಿಟ್ಟು ಮೈದಾನದಲ್ಲಿ ಎಸೆದು ನೋಡಿ. ಕೊಯ್ಲಾದ ಗದ್ದೆ ಬೇಡ, ಕೂಳೆಗೆ ದಾರ ಸಿಕ್ಕಿಕೊಳ್ಳುತ್ತದೆ.

ಲೂರ್ ರಾಡಿನ ತುದಿಯಿಂದ ಗೇಣುದ್ದ ಕೆಳಗೆ ಇರಲಿ. ರಾಡನ್ನು ಹಿಂದಕ್ಕೆ ತಂದಾಗ ಲೂರಿನ ಭಾರಕ್ಕೆ ತುದಿ ಬಗ್ಗುವುದು ಕೈಗೆ ತಿಳಿಯುತ್ತದೆ. ಆಗ ಮುಂದಕ್ಕೆ ನಿಧಾನವಾಗಿ ಶುರುಮಾಡಿ ವೇಗ ಏರಿಸುತ್ತಾ ಬನ್ನಿ. ಬಲಗೈಯಲ್ಲಿ ಎಸೆಯುವವರಾದರೆ ಮಣಿಕಟ್ಟನ್ನು ಎಡಕ್ಕೆ ತಿರುಗಿಸಿ, ರೀಲಿನ ಬಲ ಪಕ್ಕ ಆಕಾಶ ನೋಡುವ ಹಾಗೆ ಹಿಡಿಯಿರಿ. ಆಗ ಮಣಿಕಟ್ಟು ಸಲೀಸಾಗಿ ಮಡಚುತ್ತದೆ, ಬೀಸುವುದು ನಯವಾಗುತ್ತದೆ.

ನಡುವೆ ಸಿಕ್ಕಾಗುವುದಕ್ಕೆ ಗಾಳಿಯೇ ಕಾರಣ. ನೀವು ಸಂಜೆ ಹೊತ್ತು ಅಂದ್ರಲ್ಲಾ, ನಮ್ಮ ಕರಾವಳಿಯಲ್ಲಿ ಮಧ್ಯಾಹ್ನದ ಮೇಲೆ ಕಡಲ ಕಡೆಯಿಂದ ಗಾಳಿ ಏಳುತ್ತದೆ. ಪಡುವಣಕ್ಕೆ ಮುಖ ಮಾಡಿ ಎಸೆದರೆ ಲೂರ್ ನೇರ ಗಾಳಿಗೆ ಹೊಡೆದು ನಿಧಾನವಾಗುತ್ತದೆ. ಕಲಿಯುವಷ್ಟು ದಿನ ಬೆಳಿಗ್ಗೆ ಹೋಗಿ, ಆಗ ಗಾಳಿ ಕಡಿಮೆ. ಎತ್ತರಕ್ಕೆ ಎಸೆಯಬೇಡಿ. ಗಾಳಿಗೆ ಎದುರಾಗಿ ಎಸೆಯಲೇಬೇಕಾದರೆ ಬ್ರೇಕಿನ ಡಯಲನ್ನು ಎರಡು ಮೂರು ಅಂಕಿ ಏರಿಸಿ, ಪಕ್ಕದಿಂದ ತಗ್ಗಾಗಿ ಎಸೆಯಿರಿ.

ನೀರಿಗೆ ಬಿದ್ದ ಮೇಲೆ ಸಡಿಲಾಗುವುದು ಪೂರ್ತಿ ಹೆಬ್ಬೆರಳಿನ ವಿಷಯ. ಲೂರ್ ನೀರು ಮುಟ್ಟುವ ಸ್ವಲ್ಪ ಮೊದಲೇ ಹೆಬ್ಬೆರಳು ಸ್ಪೂಲನ್ನು ನಿಲ್ಲಿಸಿರಬೇಕು. ಯಾವ ಬ್ರೇಕೂ ಈ ಕೆಲಸವನ್ನು ನಿಮಗಾಗಿ ಪೂರ್ತಿ ಮಾಡಿಕೊಡಲ್ಲ. ಕಣ್ಣು ಲೂರಿನ ಮೇಲಿರಲಿ, ರೀಲಿನ ಮೇಲಲ್ಲ.

ಇನ್ನು ಡಯಲ್. 3 ತುಂಬಾ ಕಡಿಮೆ, 8ಕ್ಕೆ ಇಡಿ. ದೂರ ಹೋಗಲ್ಲ, ಪರವಾಗಿಲ್ಲ. ಕೈ ಕೂತಂತೆ ಒಂದೊಂದೇ ಅಂಕಿ ಇಳಿಸಿ.

ತುಂಗಾತೀರ:

ಕೆರೆದಂಡೆ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಹ್ಯಾಂಡಲ್ ಪಕ್ಕದ ತಿರುಪು ಸ್ಪೂಲ್ ಟೆನ್ಶನ್. ಅದರ ಪಕ್ಕದಲ್ಲೇ ನಕ್ಷತ್ರದ ಆಕಾರದಲ್ಲಿ ಇರುವುದು ಡ್ರ್ಯಾಗ್ (ಮೀನು ಎಳೆದಾಗ ದಾರ ಎಷ್ಟು ಬಿಗಿಯಾಗಿ ಬಿಟ್ಟುಕೊಡಬೇಕು ಅನ್ನುವುದನ್ನು ಹಿಡಿಯುವುದು), ಎರಡನ್ನೂ ಅದಲುಬದಲು ಮಾಡ್ಕೋಬೇಡಿ. ಟೆನ್ಶನ್ ಸೆಟ್ ಮಾಡಲು ಲೂರ್ ಕಟ್ಟಿ, ರಾಡನ್ನು ಅಡ್ಡಕ್ಕೆ ಹಿಡಿದು ಸ್ಪೂಲನ್ನು ಬಿಡಿಸುವ ಬಟನ್ ಒತ್ತಿ. ಲೂರ್ ತನ್ನ ಭಾರಕ್ಕೆ ನಿಧಾನವಾಗಿ ಇಳಿಯಬೇಕು, ನೆಲಕ್ಕೆ ತಾಗಿದ ಕೂಡಲೇ ಸ್ಪೂಲ್ ನಿಲ್ಲಬೇಕು. ಆಮೇಲೂ ತಿರುಗುತ್ತಿದ್ದರೆ ಇನ್ನೊಂಚೂರು ಬಿಗಿ ಮಾಡಿ. ಲೂರ್ ಬದಲಿಸಿದಾಗೆಲ್ಲ ಮತ್ತೆ ನೋಡಬೇಕು.

ಕೆರೆದಂಡೆ:

ಅದು ಕಲಿಯುವವರಿಗೆ ಸುರಕ್ಷಿತ, ಒಪ್ಪುತ್ತೇನೆ. ಆದರೆ ಅಲ್ಲೇ ನಿಂತುಬಿಡಬಾರದು ಅನ್ನುವುದು ನನ್ನ ಅಭಿಪ್ರಾಯ. ಟೆನ್ಶನ್ ತಿರುಪು ಸ್ಪೂಲಿನ ಅಕ್ಷವನ್ನು ತುದಿಯಲ್ಲಿ ಒತ್ತಿ ಹಿಡಿಯುತ್ತದೆ. ಸ್ಪೂಲ್ ಜೋರಾಗಿ ತಿರುಗಲಿ, ನಿಧಾನವಾಗಿ ತಿರುಗಲಿ, ಅದರ ಒತ್ತು ಒಂದೇ. ಅದಕ್ಕೇ ಪಂಚಗಂಗಾವಳಿ ಅವರಿಗೆ ಬಿಗಿ ಮಾಡಿದರೆ ಹತ್ತು ಮೀಟರ್ ದಾಟುತ್ತಿಲ್ಲ. ಬ್ರೇಕ್ ಹಾಗಲ್ಲ, ವೇಗ ನೋಡಿ ಹಿಡಿಯುತ್ತದೆ. ಸ್ವಲ್ಪ ಕೈ ಕೂತ ಮೇಲೆ ಟೆನ್ಶನ್ ಸಡಿಲಿಸಿ. ಹೆಬ್ಬೆರಳಲ್ಲಿ ಸ್ಪೂಲನ್ನು ಎಡಕ್ಕೂ ಬಲಕ್ಕೂ ತಳ್ಳಿ ನೋಡಿದರೆ ಅಲ್ಲಾಡಬಾರದು, ಅಷ್ಟು ಬಿಗಿ ಸಾಕು. ಉಳಿದದ್ದನ್ನು ಬ್ರೇಕಿಗೆ ಬಿಡಿ.

ನಿಮ್ಮದು ಹೊರಗೆ ಅಂಕಿ ಇರುವ ಡಯಲ್ ಅಂದರೆ ಹೆಚ್ಚಾಗಿ ಮ್ಯಾಗ್ನೆಟಿಕ್ ಬ್ರೇಕ್. ಪಕ್ಕದ ಮುಚ್ಚಳದೊಳಗೆ ಅಯಸ್ಕಾಂತಗಳಿರುತ್ತವೆ, ಸ್ಪೂಲ್ ಅಲ್ಯೂಮಿನಿಯಮ್ಮಿನದು. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟಲ್ಲ ನಿಜ, ಆದರೆ ಅದರ ಎದುರು ತಿರುಗುವಾಗ ಲೋಹದೊಳಗೆ ವಿದ್ಯುತ್ ಸುಳಿಯುತ್ತದೆ. ಆ ವಿದ್ಯುತ್ತು ತಿರುಗುವುದನ್ನೇ ತಡೆಯುತ್ತದೆ. ಒಂದಕ್ಕೊಂದು ತಾಗುವುದೇ ಇಲ್ಲ, ಆದರೂ ಬ್ರೇಕ್ ಬೀಳುತ್ತದೆ! ನನಗೆ ಈ ರೀಲುಗಳಲ್ಲಿ ತುಂಬಾ ಇಷ್ಟವಾದ ಭಾಗ ಇದು. ಮುಚ್ಚಳ ತೆಗೆದಾಗ ಒಳಗೆ ನಾಲ್ಕೋ ಆರೋ ಪ್ಲಾಸ್ಟಿಕ್ ತುಂಡುಗಳು ಕಂಡರೆ ಅದು ಸೆಂಟ್ರಿಫ್ಯೂಗಲ್. ಆ ತುಂಡುಗಳು ಹೊರಕ್ಕೆ ಚಿಮ್ಮಿ ಉಂಗುರಕ್ಕೆ ಉಜ್ಜುತ್ತವೆ. ವೇಗ ಎರಡು ಪಟ್ಟಾದರೆ ಒತ್ತು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಬೀಸಿದ ಕೂಡಲೇ ಬರುವ ಸಿಕ್ಕಿಗೆ ಅದು ಚೆನ್ನಾಗಿ ಹಿಡಿಯುತ್ತದೆ, ಕೊನೆಗೆ ಬಿಟ್ಟುಕೊಡುತ್ತದೆ. ಅಂಥ ರೀಲ್ ಇದ್ದವರು ಎದುರುಬದುರಿನ ತುಂಡುಗಳನ್ನು ಜೋಡಿಯಾಗಿಯೇ ಹಾಕಿ, ಜೋಡಿಯಾಗಿಯೇ ತೆಗೆಯಿರಿ. ಇಲ್ಲದಿದ್ದರೆ ಸ್ಪೂಲ್ ಅದುರುತ್ತದೆ.

ಕಾಂಡ್ಲಾಕಾಡು:

ನಾನೂ ಹೊಸಬ. ಹಾಗಾದರೆ ಶಿಮಾನೋದವರ ಡಿಸಿ ರೀಲ್ ತಗೊಂಡರೆ ಈ ತೊಂದರೆಯೇ ಇರಲ್ವಾ? ಅದರಲ್ಲಿ ಬ್ರೇಕ್ ಕಂಪ್ಯೂಟರಿನದು ಅಂತಾರೆ.

ತುಂಗಾತೀರ:

ಕಡಿಮೆಯಾಗುತ್ತದೆ, ಇಲ್ಲವಾಗಲ್ಲ. ಅದರೊಳಗೆ ಸಣ್ಣ ಚಿಪ್ ಇದೆ, ಸ್ಪೂಲಿನ ವೇಗ ನೋಡಿಕೊಂಡು ಬ್ರೇಕ್ ಹಾಕುತ್ತದೆ. ಆದರೂ ಲೂರ್ ಕಾಂಡ್ಲಾ ಕೊಂಬೆಗೆ ಬಡಿದು ನಿಂತರೆ ಅದಕ್ಕೆ ಹೇಗೆ ಗೊತ್ತಾಗಬೇಕು? ಹೆಬ್ಬೆರಳು ಬೇಕೇ ಬೇಕು. ಬೇಟ್‌ಕಾಸ್ಟಿಂಗ್ ರೀಲನ್ನು ಮೊದಲು ಮಾಡಿದವರಲ್ಲಿ ಒಬ್ಬ ಅಮೆರಿಕದ ಕೆಂಟಕಿಯ ಜಾರ್ಜ್ ಸ್ನೈಡರ್, ಗಡಿಯಾರ ರಿಪೇರಿ ಮಾಡುತ್ತಿದ್ದವನು. 1800ರ ನಂತರದ ಮೊದಲ ದಶಕಗಳ ಮಾತು ಅದು. ಆಗ ಈ ಥರ ಡಯಲ್ ಎಲ್ಲಿತ್ತು, ಸ್ಪೂಲನ್ನು ಹೆಬ್ಬೆರಳಲ್ಲೇ ಹಿಡಿಯಬೇಕಿತ್ತು. ಈಗಿರುವ ರೀಲಲ್ಲೇ ಬೆರಳು ಪಳಗಿಸಿಕೊಳ್ಳಿ, ದುಡ್ಡು ಉಳಿಯುತ್ತದೆ.

ಪಂಚಗಂಗಾವಳಿ:

ತುಂಬಾ ಥ್ಯಾಂಕ್ಸ್ ಸರ್. ಈಗ ಸ್ಪೂಲಿನಲ್ಲಿ ದೊಡ್ಡ ಸಿಕ್ಕು ಕೂತಿದೆ. ಎಳೆದಷ್ಟೂ ಬಿಗಿಯಾಗುತ್ತಿದೆ. ಕತ್ತರಿಸಿಬಿಡಲಾ?

ಬಂಡೆಮೇಲೆ:

ಕತ್ತರಿ ಈಗಲೇ ಬೇಡ! ಎಳೆಯುವುದನ್ನು ಮೊದಲು ನಿಲ್ಲಿಸಿ. ಬ್ರೇಡನ್ನು ಕೈಗೆ ಸುತ್ತಿಕೊಂಡಂತೂ ಎಳೆಯಲೇಬೇಡಿ, ಬೆರಳು ಕೊಯ್ಯುತ್ತದೆ.

ಹೀಗೆ ಮಾಡಿ. ಡ್ರ್ಯಾಗ್ ಪೂರ್ತಿ ಬಿಗಿ ಮಾಡಿ. ಹ್ಯಾಂಡಲನ್ನು ಒಂದು ಸಲ ತಿರುಗಿಸಿ, ರೀಲ್ ಲಾಕ್ ಆಗುತ್ತದೆ. ಈಗ ಸಿಕ್ಕಿನ ಮೇಲೆ ಹೆಬ್ಬೆರಳನ್ನು ಗಟ್ಟಿಯಾಗಿ ಒತ್ತಿ ಹಿಡಿದು, ಒತ್ತಡ ಬಿಡದೆ ಹ್ಯಾಂಡಲನ್ನು ನಾಲ್ಕೈದು ಸುತ್ತು ತಿರುಗಿಸಿ. ಎದ್ದಿರುವ ಕುಣಿಕೆಗಳು ಬೆರಳಿನಡಿ ಮಲಗಿ ಚಪ್ಪಟೆಯಾಗುತ್ತವೆ, ಒಂದರಡಿ ಒಂದು ಹೊಕ್ಕಿದ್ದು ಸಡಿಲವಾಗುತ್ತದೆ. ಆಮೇಲೆ ಬಟನ್ ಒತ್ತಿ ದಾರವನ್ನು ಮೆಲ್ಲಗೆ ಎಳೆಯಿರಿ. ಎಲ್ಲಿ ನಿಲ್ಲುತ್ತದೋ ಅಲ್ಲಿ ಮತ್ತೆ ಅದನ್ನೇ ಮಾಡಿ. ಬಹಳಷ್ಟು ಸಿಕ್ಕು ಇದರಲ್ಲೇ ಬಿಡುತ್ತದೆ.

ಬಿಡದಿದ್ದರೆ ಬೆಳಕಿಗೆ ಹಿಡಿದು ನೋಡಿ. ಹೊರಬರುವ ದಾರವನ್ನು ಅಡ್ಡ ಹಿಡಿದಿರುವ ಒಂದು ಕುಣಿಕೆ ಕಾಣುತ್ತದೆ. ಆ ಒಂದನ್ನೇ ಟೂತ್‌ಪಿಕ್‌ನಲ್ಲೋ ಮೊಂಡಾದ ಕಡ್ಡಿಯಲ್ಲೋ ಎತ್ತಿ ಎಳೆಯಿರಿ. ಉಗುರು ಹಾಕಿ ಕೆರೆಯಬೇಡಿ, ಬ್ರೇಡಿನ ಎಳೆ ಏಳುತ್ತದೆ, ಅಲ್ಲೇ ಮುಂದೆ ತುಂಡಾಗುತ್ತದೆ. ಮೋನೋ (ಒಂದೇ ಎಳೆಯ ನೈಲಾನ್ ದಾರ) ಆದರೆ ಬಿಡಿಸಿದ ಮೇಲೆ ಬೆರಳ ನಡುವೆ ಹಾಯಿಸಿ ನೋಡಿ. ಮಡಚಿ ಬೆಳ್ಳಗಾದ ಜಾಗ ಸಿಕ್ಕಿದರೆ ಅಲ್ಲಿಯವರೆಗೆ ಕತ್ತರಿಸಿ, ಅದು ಮೀನು ತಡೆಯಲ್ಲ. ಕತ್ತರಿಸಿದ ದಾರವನ್ನು ದಯವಿಟ್ಟು ಮನೆಗೆ ತನ್ನಿ. ಅಳಿವೆಯಲ್ಲಿ ಬಿಟ್ಟರೆ ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ, ಆಮೆಗಳಿಗೂ ಅಪಾಯ.

ಇನ್ನೊಂದು, ನಿಮ್ಮ ದಾರವೇ ಅರ್ಧ ತೊಂದರೆ. 20 ಪೌಂಡಿನ ಬ್ರೇಡ್ ತೆಳ್ಳಗಿರುತ್ತದೆ. ಸ್ವಲ್ಪ ಜೋರಾಗಿ ಎಳೆದರೆ ಕೆಳಗಿನ ಸುತ್ತಿನೊಳಗೆ ಹೂತುಕೊಳ್ಳುತ್ತದೆ. ಮುಂದಿನ ಸಲ ಎಸೆದಾಗ ಅಲ್ಲಿ ಫಕ್ಕನೆ ನಿಂತು, ದಾರ ಕಡಿದು ಲೂರ್ ಒಂದೇ ಹಾರಿಹೋಗುತ್ತದೆ. ಕಲಿಯಲು 15 ಪೌಂಡಿನ ಮೋನೋ ಹಾಕಿ. ದಪ್ಪ ಇದೆ, ಬಿಡಿಸಲು ಸುಲಭ, ಬೆಲೆಯೂ ಕಡಿಮೆ. ಅಂಚಿನವರೆಗೆ ತುಂಬಬೇಡಿ, 3 ಮಿಲಿಮೀಟರಾದರೂ ಖಾಲಿ ಇರಲಿ. ಕಲಿಯುವಾಗ ಇನ್ನೂ ಕಡಿಮೆ ತುಂಬಿದರೂ ನಡೆಯುತ್ತದೆ.

ಹಾಕಿದ ಮೇಲೆ ನಿಮ್ಮ ಕೈಯಲ್ಲಾಗುವಷ್ಟು ದೂರ ಎಸೆಯಿರಿ. ಅದರ ಮೇಲೆ ಇನ್ನೂ ಐದಾರು ಮೀಟರ್ ಕೈಯಲ್ಲೇ ಎಳೆದು, ಸ್ಪೂಲಿನಲ್ಲಿ ಉಳಿದ ದಾರದ ಮೇಲೆ ಒಂದು ತುಂಡು ಟೇಪ್ ಅಂಟಿಸಿ ಸುತ್ತಿಬಿಡಿ. ಆಮೇಲೆ ಎಂಥಾ ಸಿಕ್ಕಾದರೂ ಟೇಪಿನ ಕೆಳಗೆ ಇಳಿಯಲ್ಲ. ಮೀನಿಗೆ ಹೋಗುವ ದಿನ ಟೇಪ್ ತೆಗೆಯಲು ಮರೆಯಬೇಡಿ. ದೊಡ್ಡ ಮೀನು ಓಡಿದರೆ ಅಲ್ಲೇ ತಡೆಯುತ್ತದೆ.

ಪಂಚಗಂಗಾವಳಿ:

ಹೆಬ್ಬೆರಳು ಒತ್ತಿ ಹ್ಯಾಂಡಲ್ ತಿರುಗಿಸುವ ಉಪಾಯಕ್ಕೆ ಸಿಕ್ಕು ಪೂರ್ತಿ ಬಿಟ್ಟಿತು! ನಾನು ನಂಬಿರಲಿಲ್ಲ. ಮೋನೋ ಹಾಕಿ, 16 ಗ್ರಾಮಿನ ಲೂರ್ ಕಟ್ಟಿ, ಡಯಲ್ 8ರಲ್ಲಿಟ್ಟು ಬೆಳಿಗ್ಗೆ ಶಾಲೆ ಮೈದಾನದಲ್ಲಿ ಎಸೆದೆ. ಬೀಸಿದ ಕೂಡಲೇ ಆಗುತ್ತಿದ್ದ ಸಿಕ್ಕು ಹೆಚ್ಚುಕಡಿಮೆ ನಿಂತಿದೆ. ಈಗ 6ಕ್ಕೆ ಇಳಿಸಿದ್ದೇನೆ. ಕೊನೆಯಲ್ಲಿ ಸಡಿಲಾಗುವುದು ಮಾತ್ರ ಇನ್ನೂ ಇದೆ. ಬೆರಳು ಪೂರ್ತಿ ಒತ್ತಿದರೆ ಲೂರ್ ಜಗ್ಗಿ ಹಿಂದಕ್ಕೆ ಬರುತ್ತದೆ, ಒತ್ತದಿದ್ದರೆ ಉಬ್ಬುತ್ತದೆ. ಮತ್ತೆ ಬ್ರೇಡಿಗೆ ಯಾವಾಗ ಹೋಗಬಹುದು?

ಕೆರೆದಂಡೆ:

ಒಳ್ಳೆ ಸುದ್ದಿ. ಬೆರಳನ್ನು ಕೊನೆಗೆ ಒಮ್ಮೆಲೇ ಇಡಬೇಡಿ. ಎಸೆತ ಶುರುವಾದಾಗಿನಿಂದಲೂ ದಾರಕ್ಕೆ ತಾಗಿಯೂ ತಾಗದ ಹಾಗೆ ಮೇಲೇ ಇರಲಿ. ಸಡಿಲವಾದ ಸುತ್ತು ಏಳುತ್ತಿದ್ದರೆ ಬೆರಳಿನ ತುದಿಗೆ ಮೆತ್ತಗೆ ತಾಗುವುದು ಗೊತ್ತಾಗುತ್ತದೆ, ಅಷ್ಟಕ್ಕೇ ಸ್ವಲ್ಪ ಸವರಿ. ಲೂರ್ ಇಳಿಯುತ್ತಾ ಬಂದಂತೆ ಒತ್ತು ಜಾಸ್ತಿ ಮಾಡುತ್ತಾ ಹೋಗಿ, ನೀರಿನ ಹತ್ತಿರ ಪೂರ್ತಿ ನಿಲ್ಲಿಸಿ. ಮೊದಲು ಮನೆಯಂಗಳದಲ್ಲಿ ಬಕೆಟ್ ಇಟ್ಟು ಏಳೆಂಟು ಮೀಟರಿನಿಂದ ಅದಕ್ಕೆ ಹಾಕಿ. ದೂರ ಎಸೆಯುವಾಗ ಸಿಗದ ಹತೋಟಿ ಇದರಲ್ಲಿ ಬೇಗ ಬರುತ್ತದೆ. ನಿಮಗೆ ಬೇಕಾಗಿರುವುದೂ ಕಾಂಡ್ಲಾ ಬುಡಕ್ಕೆ ಗುರಿಯೇ ಅಲ್ವಾ?

ಬ್ರೇಡಿಗೆ, ಗಾಳಿ ಇರುವ ದಿನವೂ ಸಿಕ್ಕಿಲ್ಲದೆ ಎಸೆಯಲು ಬಂದ ಮೇಲೆ ಹೋಗಿ. ಆಗ 40 ಅಥವಾ 50 ಪೌಂಡಿನದು ಹಾಕಿ. ಕಾಂಡ್ಲಾ ಬೇರಿನಿಂದ ಕೆಂಬೇರಿಯನ್ನು ಎಳೆಯಲು ಹೇಗೂ ಅಷ್ಟು ಬೇಕು. ಬ್ರೇಡನ್ನು ಬರಿ ಸ್ಪೂಲಿಗೆ ಕಟ್ಟಬೇಡಿ, ಒಟ್ಟಿಗೇ ಜಾರಿ ತಿರುಗುತ್ತದೆ, ಡ್ರ್ಯಾಗ್ ಕೆಟ್ಟಿದೆ ಅನಿಸುತ್ತದೆ. ಕೆಳಗೆ ಒಂದಷ್ಟು ಸುತ್ತು ಮೋನೋ ಇರಲಿ. ತುಂಬುವಾಗ ಒದ್ದೆ ಬಟ್ಟೆಯಲ್ಲಿ ದಾರವನ್ನು ಬಿಗಿಯಾಗಿ ಹಿಡಿದು ಸುತ್ತಿ. ನೀರಿನ ಮೇಲೆ ಆಡಿಸುವ ಲೂರ್ ಹಾಕಿದ ದಿನ ದಾರ ಸಡಿಲಾಗಿಯೇ ಸುತ್ತಿಕೊಳ್ಳುತ್ತದೆ. ಅಂಥ ದಿನ ಆಗಾಗ ಒಂದು ಉದ್ದ ಎಸೆತ ಹಾಕಿ, ರೀಲಿನ ಮುಂದೆ ದಾರವನ್ನು ಎರಡು ಬೆರಳಲ್ಲಿ ಹಿಡಿದು ಬಿಗಿಯಾಗಿ ಸುತ್ತಿಕೊಳ್ಳಿ.

ಅಳಿವೆಯ ಉಪ್ಪು ನೀರಿಗೆ ಹೋಗಿ ಬಂದ ದಿನ ಡ್ರ್ಯಾಗ್ ಬಿಗಿ ಮಾಡಿ ರೀಲನ್ನು ಸಿಹಿನೀರಿನಲ್ಲಿ ಮೆಲ್ಲಗೆ ತೊಳೆದು, ಒರೆಸಿ ನೆರಳಲ್ಲಿ ಒಣಗಿಸಿ. ಆಮೇಲೆ ಡ್ರ್ಯಾಗ್ ಸಡಿಲಿಸಿ ಇಡಿ. ಬೇರಿಂಗಿಗೆ ಉಪ್ಪು ಕೂತರೆ ಸ್ಪೂಲ್ ತಡೆದು ತಡೆದು ತಿರುಗುತ್ತದೆ. ಆಗ ಯಾವ ಸೆಟ್ಟಿಂಗೂ ಒಂದೇ ಕಡೆ ನಿಲ್ಲಲ್ಲ.