ಉಚಿತ ಕ್ಲಿನಿಕ್ ಶುರು ಮಾಡುವ ಮುಂಚೆ: ನಡೆಸುತ್ತಿರುವವರು ಹೇಳಿದ್ದು

ಕೇಳಿದ ಪ್ರಶ್ನೆ: ನಾವು ಕೆಲವು ಗೆಳೆಯರು ಸೇರಿ ಹಳ್ಳಿಯ ರೋಗಿಗಳಿಗಾಗಿ ಉಚಿತ ಕ್ಲಿನಿಕ್ ತೆರೆಯಬೇಕು ಅಂತಿದ್ದೇವೆ. ಇಬ್ಬರು ಡಾಕ್ಟರು ಬರುತ್ತೇವೆ ಅಂದಿದ್ದಾರೆ, ಜಾಗವೂ ಸಿಕ್ಕಿದೆ. ಮೊದಲು ಯಾವುದನ್ನು ಸರಿ ಮಾಡಿಕೊಳ್ಳಬೇಕು? ಅನುಭವ ಇರುವವರು ದಯವಿಟ್ಟು ಹೇಳಿ.

ಒಬ್ಬ ಡಾಕ್ಟರ್:
ಮೊದಲು ದಿನ ಗೊತ್ತು ಮಾಡಿ. ವಾರಕ್ಕೆ ಒಂದೇ ದಿನವಾದರೂ ಸರಿ, ಆ ದಿನ ಬಾಗಿಲು ತೆಗೆದಿರಲೇಬೇಕು. ಒಬ್ಬ ಡಾಕ್ಟರಿಗೆ ಬರಲು ಆಗದಿದ್ದರೆ ಅವರ ಬದಲು ಯಾರು ಅಂತ ಮುಂಚೆಯೇ ಬರೆದಿಟ್ಟುಕೊಳ್ಳಿ. ನಮ್ಮಲ್ಲಿಗೆ ಬರುವವರಲ್ಲಿ ಬಿಪಿ, ಶುಗರ್ ಇರುವವರೇ ಜಾಸ್ತಿ. ಒಂದು ದಿನ ತಪಾಸಣೆ ಮಾಡಿ ಕಳಿಸಿದರೆ ಅವರಿಗೆ ಏನೂ ಉಪಯೋಗವಿಲ್ಲ, ತಿಂಗಳು ತಿಂಗಳೂ ಮಾತ್ರೆ ಸಿಗಬೇಕು. ಮಾತ್ರೆ ನಿಂತರೆ ಬಿಪಿ ಮತ್ತೆ ಏರುತ್ತದೆ, ಆದರೆ ಬಹಳ ಜನರಿಗೆ ಮೈಯಲ್ಲಿ ಏನೂ ಗೊತ್ತಾಗುವುದಿಲ್ಲ, ಆರಾಮಾಗೇ ಇದ್ದೀನಲ್ಲ ಅಂತ ಸುಮ್ಮನಾಗುತ್ತಾರೆ, ಲಕ್ವ ಹೊಡೆದ ಮೇಲೆಯೇ ಮನೆಯವರು ಎಚ್ಚೆತ್ತುಕೊಳ್ಳುವುದು. ಅದಕ್ಕೇ, ಎಷ್ಟು ಜನರಿಗೆ ವರ್ಷಪೂರ್ತಿ ಮಾತ್ರೆ ಕೊಡಲು ಆಗುತ್ತದೆ ಅಂತ ಲೆಕ್ಕ ಹಾಕಿ, ಅಷ್ಟೇ ಜನರ ಜವಾಬ್ದಾರಿ ತೆಗೆದುಕೊಳ್ಳಿ.

ಇನ್ನೊಂದು, ನಡೆದು ಬಂದವರ ಬಿಪಿಯನ್ನು ತಕ್ಷಣ ನೋಡಬೇಡಿ. 5 ನಿಮಿಷ ಕೂರಿಸಿ, ತೋಳನ್ನು ಎದೆಯ ಮಟ್ಟದಲ್ಲಿಟ್ಟು ಎರಡು ಸಲ ನೋಡಿ. 140/90 ಇದೆ ಅಂತ ಒಂದೇ ದಿನದ ಅಳತೆ ನಂಬಿ ಮಾತ್ರೆ ಶುರು ಮಾಡಬಾರದು, ಬೇರೆ ದಿನ ಕರೆಸಿ ಮತ್ತೆ ನೋಡಿ. ತೀರಾ ಜಾಸ್ತಿ ಇದ್ದರೆ ಆ ಮಾತು ಬೇರೆ. ಎರಡು ವಾರ ದಾಟಿದ ಕೆಮ್ಮು ಅಂದರೆ ಸಿರಪ್ ಕೊಟ್ಟು ಕಳಿಸದೆ, ಟಿಬಿ ಇದೆಯಾ ಅಂತ ತಿಳಿಯಲು ಕಫ ಪರೀಕ್ಷೆಗೆ ಕಳಿಸಿ.

ಔಷಧಿ ನೋಡಿಕೊಳ್ಳುವವರು:
ದಾನದ ಔಷಧಿ ಬಗ್ಗೆ ಹುಷಾರಾಗಿರಿ. ಮನೆಯಲ್ಲಿ ಉಳಿದ ಮಾತ್ರೆ, ಕಂಪನಿ ಸ್ಯಾಂಪಲ್ಲು ಎಲ್ಲವನ್ನೂ ಚೀಲದಲ್ಲಿ ತುಂಬಿ ತಂದುಕೊಡುವವರು ಇರುತ್ತಾರೆ. ಅವರ ಮನಸ್ಸು ಒಳ್ಳೆಯದೇ, ಆದರೆ ಇವನ್ನು ದಾನವಾಗಿ ತೆಗೆದುಕೊಳ್ಳಬಾರದು ಅಂತಲೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ದಾನದ ಔಷಧಿ ಕೈಗೆ ಬಂದಾಗ ಅವಧಿ ಮುಗಿಯಲು ಕನಿಷ್ಠ ಒಂದು ವರ್ಷ ಇರಬೇಕು ಅನ್ನುವುದೂ ಅದರದ್ದೇ ಸೂಚನೆ. ಅಂಥವರಿಗೆ ನಯವಾಗಿ ಹೇಳಿ, ಅದರ ಬದಲು ಒಬ್ಬ ರೋಗಿಯ ತಿಂಗಳ ಮಾತ್ರೆಯ ಖರ್ಚು ಕೊಡಿ ಅಂತ ಕೇಳಿ, ಬಹಳ ಜನ ಒಪ್ಪುತ್ತಾರೆ. ಔಷಧಿಗಳ ಪಟ್ಟಿ ಚಿಕ್ಕದಿರಲಿ. ಡಾಕ್ಟರು ಬದಲಾದಾಗಲೆಲ್ಲ ಮಾತ್ರೆಯ ಬಣ್ಣ, ಆಕಾರ ಬದಲಾದರೆ ವಯಸ್ಸಾದವರು ಹಳೆಯದನ್ನೂ ಹೊಸದನ್ನೂ ಎರಡನ್ನೂ ನುಂಗುತ್ತಾರೆ! ಓದಲು ಬಾರದವರಿಗೆ ಕವರಿನ ಮೇಲೆ ಸೂರ್ಯ, ಚಂದ್ರ ಬರೆದುಕೊಡಿ, ಆಮೇಲೆ ಯಾವಾಗ ತೆಗೆದುಕೊಳ್ಳುತ್ತೀರಿ ಅಂತ ಅವರ ಬಾಯಿಂದಲೇ ಹೇಳಿಸಿ. ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು, ಫ್ರೀಜರ್ ಒಳಗೆ ಅಲ್ಲ. ಒಮ್ಮೆ ಗಟ್ಟಿಯಾದರೆ ಅದನ್ನು ಬಳಸುವಂತಿಲ್ಲ.

ಒಬ್ಬ ನರ್ಸ್:
ಸಾಲು ಶುರುವಾದ ಕೂಡಲೇ ಒಬ್ಬರು ಕೊನೆಯವರೆಗೂ ನಡೆದು ಮುಖ ನೋಡಿಕೊಂಡು ಬರಬೇಕು. ಏದುಸಿರು ಬಿಡುವವರು, ಎದೆನೋವಿನವರು, ಸುಸ್ತಾಗಿ ಮಲಗಿದ ಮಗು, ಇವರೆಲ್ಲ ಟೋಕನ್‌ಗೆ ಕಾಯಬಾರದು. ಪರೀಕ್ಷೆಯ ಮಂಚಕ್ಕೆ ಪರದೆ ಇರಲೇಬೇಕು. ಹತ್ತು ಜನರ ಎದುರು ಯಾವ ಹೆಣ್ಣುಮಗಳು ಬಿಳಿಸೆರಗಿನ ವಿಷಯ ಹೇಳುತ್ತಾಳೆ, ಹೇಳಿ? ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ, ಚುಚ್ಚಿದರೂ ತೂತಾಗದ ಡಬ್ಬಿಗೆ ಹಾಕಿ, ಮುಕ್ಕಾಲು ತುಂಬಿದಾಗ ಮುಚ್ಚಿಬಿಡಿ.

ಇಂಜೆಕ್ಷನ್ ಕೊಡದಿದ್ದರೆ ಕೆಲವರಿಗೆ ಬೇಸರವಾಗುತ್ತದೆ. ಅವರ ಸಮಾಧಾನಕ್ಕೆ ಅಂತ ಮಾತ್ರ ಸೂಜಿ ಹಿಡಿಯಬೇಡಿ. ಭೇದಿಯಾದ ಮಗುವಿಗೆ ಓಆರ್‌ಎಸ್ ಹೇಗೆ ಕಲಸಬೇಕು ಅಂತ ತಾಯಿಯ ಎದುರೇ ಕಲಸಿ ತೋರಿಸಿ, ಚಮಚದಲ್ಲಿ ಕುಡಿಸಲು ಹೇಳಿ, ಅದಕ್ಕೆ ಹಿಡಿಯುವ ಸಮಯ ಖಂಡಿತ ದಂಡವಲ್ಲ.

ಒಬ್ಬ ಕಾರ್ಯಕರ್ತ:
ಡಾಕ್ಟರ್ ಹೇಳಿದ್ದು ಒಪ್ಪುತ್ತೇನೆ, ಆದರೆ ಲೆಕ್ಕ ತುಂಬಿತು ಅಂತ ಹೊಸಬರನ್ನು ನೋಡದೆ ವಾಪಸ್ ಕಳಿಸಬೇಡಿ ಸರ್. ಪರೀಕ್ಷೆ ಮಾಡಿ, ಚೀಟಿ ಬರೆದು, ಮಾತ್ರೆ ಎಲ್ಲಿ ಸಿಗುತ್ತದೆ ಅಂತ ವಿಚಾರಿಸಿ ಹೇಳುವುದೂ ನಮ್ಮ ಕೆಲಸವೇ ಅಲ್ವಾ? ನಾವು ದುಡ್ಡು ತೆಗೆದುಕೊಳ್ಳದಿದ್ದರೂ ಅವರಿಗೆ ಆ ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಬರುತ್ತದೆ. ಬಿಪಿ ಹಿಡಿತದಲ್ಲಿರುವವರಿಗೆ ಎರಡು ತಿಂಗಳ ಮಾತ್ರೆ ಒಟ್ಟಿಗೆ ಕೊಡಬಹುದಾ ಅಂತ ಡಾಕ್ಟರನ್ನು ಕೇಳಿ. ರೋಗಿಯ ಕೈಯಲ್ಲೇ ಒಂದು ಪುಸ್ತಕ ಇರಲಿ, ಬೇರೆ ಆಸ್ಪತ್ರೆಗೆ ಹೋದರೂ ಅದನ್ನು ತೋರಿಸಬಹುದು. ದೊಡ್ಡಾಸ್ಪತ್ರೆಗೆ ಕಳಿಸಿದವರಿಗೆ ವಾರದೊಳಗೆ ಫೋನ್ ಮಾಡಿ, ಹೋದಿರಾ ಅಂತ ಕೇಳಿ. ಬಹಳ ಸಲ ಹೋಗಿರುವುದಿಲ್ಲ, ಜೊತೆಗೆ ಬರುವವರಿಲ್ಲ ಅನ್ನುವುದೇ ಕಾರಣವಾಗಿರುತ್ತದೆ. ನಿಮ್ಮ ಗೆಳೆಯರಲ್ಲಿ ಡಾಕ್ಟರಲ್ಲದವರು ಇದ್ದಾರಲ್ಲ, ಜೊತೆಗೆ ಹೋಗುವ ಈ ಕೆಲಸವನ್ನು ಅವರಿಗೆ ವಹಿಸಿ.