ಜಪಾನಿನ ಆಫೀಸಿನಲ್ಲಿ ಮಾಂಗಾ ಬಗ್ಗೆ ಮಾತಾಡಬಹುದಾ?

ಪ್ರಶ್ನೆ: ಕೆಲಸದ ಮೇಲೆ ಒಸಾಕಾಗೆ ಹೊರಟಿದ್ದೇನೆ. ವಯಸ್ಸು ನಲವತ್ತರ ಹತ್ತಿರ. ಮಾಂಗಾ (ಜಪಾನಿನ ಕಾಮಿಕ್ಸ್), ಅನಿಮೆ (ಅಲ್ಲಿನ ಕಾರ್ಟೂನ್ ಚಿತ್ರಗಳು) ಅಂದರೆ ಪ್ರಾಣ. ಇಲ್ಲಿ ಎಲ್ಲರೂ "ಇನ್ನೂ ಕಾರ್ಟೂನ್ ನೋಡ್ತೀಯಾ?" ಅಂತಾರೆ. ಅಲ್ಲಿ ಹೇಗೆ? ಇದ್ದು ಬಂದವರು ಹೇಳಿ.

ಉತ್ತರ: ಧಾರಾಳವಾಗಿ ಮಾತಾಡಿ. ಟೋಕಿಯೋದಲ್ಲಿ ನಮ್ಮ ಮ್ಯಾನೇಜರ್ ಊಟ ಮುಗಿಸಿ ಮೊಬೈಲಿನಲ್ಲಿ ಮಾಂಗಾ ಓದುತ್ತಿದ್ದರು. ಅವರಿಗೆ ಐವತ್ತು ದಾಟಿತ್ತು. ಯಾರೂ ತಿರುಗಿ ನೋಡುತ್ತಿರಲಿಲ್ಲ. ಮಾಂಗಾ ಓದಿ ಬೆಳೆದ ಹುಡುಗರು ಕೆಲಸಕ್ಕೆ ಸೇರಿದ ಮೇಲೂ ಓದು ಬಿಡಲಿಲ್ಲ. ಪ್ರಕಾಶಕರೂ ಅವರನ್ನು ಬಿಡಲಿಲ್ಲ. 'ಬಿಗ್ ಕಾಮಿಕ್' ಪತ್ರಿಕೆ 1968ರಲ್ಲೇ ದೊಡ್ಡವರಿಗಾಗಿ ಶುರುವಾಯಿತು. 1983ರಲ್ಲಿ ಬಂದ ಶಿಮಾ ಕೊಸಾಕು ಕಥೆಯ ನಾಯಕ ಎಲೆಕ್ಟ್ರಾನಿಕ್ಸ್ ಕಂಪನಿಯ ನೌಕರ. ಬಡ್ತಿ ಪಡೆಯುತ್ತಾ 2008ರಲ್ಲಿ ಕಂಪನಿಯ ಅಧ್ಯಕ್ಷನೇ ಆದ. ವರ್ಗಾವಣೆ, ಆಫೀಸಿನ ಒಳಜಗಳ ಇವೆಲ್ಲ ಮಕ್ಕಳಿಗೆ ಬೇಕಾದ ವಿಷಯವೇ ಅಲ್ಲ, ಅಲ್ವಾ? 1986ರಲ್ಲಿ ಇಷಿನೊಮೊರಿ ಶೋತಾರೊ ಜಪಾನಿನ ಅರ್ಥವ್ಯವಸ್ಥೆಯನ್ನೇ ಮಾಂಗಾದಲ್ಲಿ ವಿವರಿಸಿದರು. ಅದನ್ನು ಹೊರತಂದದ್ದು ವ್ಯಾಪಾರ ಪತ್ರಿಕೆ ನಡೆಸುವ ನಿಕ್ಕೇ ಸಂಸ್ಥೆ. ನಿಮ್ಮನ್ನು ಚಿಕ್ಕ ಮಕ್ಕಳ ಥರ ನೋಡುತ್ತಾರೆ ಅನ್ನೋ ಭಯ ಬಿಡಿ.

ಇನ್ನೊಂದು ಉತ್ತರ: ಮೇಲಿನವರ ಮಾತು ನಿಜ. ಆದರೆ ಯಾವುದರ ಬಗ್ಗೆ ಮಾತು, ಎಷ್ಟು ಮಾತು ಅನ್ನೋದೂ ಮುಖ್ಯ. 1969ರಿಂದ ಭಾನುವಾರ ಸಂಜೆ ಟಿವಿಯಲ್ಲಿ ಬರುವ 'ಸಜಾಎ-ಸಾನ್' ಮನೆಮಂದಿಯೆಲ್ಲ ನೋಡುವಂಥದ್ದು. 2020ರ 'ಡೀಮನ್ ಸ್ಲೇಯರ್' ಸಿನಿಮಾ ಅಲ್ಲಿನ ಗಳಿಕೆಯ ದಾಖಲೆಯನ್ನೇ ಮುರಿಯಿತು. ಇಂಥವು ಯಾರ ಜೊತೆಗಾದರೂ ಸರಿ. ಮಧ್ಯರಾತ್ರಿ ಬರುವ ಅನಿಮೆ, ಅನಿಮೆ ಹುಡುಗಿಯರ ರೂಪದ ಬೊಂಬೆಗಳ ಸಂಗ್ರಹ ಅಂದರೆ ಕೆಲವರು ಇವತ್ತಿಗೂ ಸ್ವಲ್ಪ ಹಿಂಜರಿಯುತ್ತಾರೆ. ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. 1989ರಲ್ಲಿ ಮಕ್ಕಳನ್ನು ಕೊಂದವನೊಬ್ಬ ಸಿಕ್ಕಿಬಿದ್ದ. ಅವನ ಕೋಣೆಯಲ್ಲಿ ಅನಿಮೆಯೂ ಸೇರಿದ ವಿಡಿಯೋ ಟೇಪುಗಳ ರಾಶಿ ಇತ್ತು. ಆ ಸುದ್ದಿಯಿಂದ ಒಟಾಕುಗಳೆಲ್ಲರ (ಮಾಂಗಾ, ಅನಿಮೆ ಹುಚ್ಚು ಹಚ್ಚಿಕೊಂಡವರ) ಮೇಲೂ ಅನುಮಾನ ಬಿತ್ತು. ತಪ್ಪೇ ಮಾಡದ ಎಷ್ಟೋ ಜನ ಅದನ್ನು ವರ್ಷಗಟ್ಟಲೆ ಅನುಭವಿಸಿದರು. ಈಗ ಪರಿಸ್ಥಿತಿ ಎಷ್ಟೋ ಸುಧಾರಿಸಿದೆ. ಮೊದಲು ಅವರು ಏನು ಓದುತ್ತಾರೆ ಅಂತ ಕೇಳಿ. ಆಮೇಲೆ ನಿಮ್ಮದು ಹೇಳಿ.

ಮತ್ತೊಬ್ಬರು: ಭಾಷೆ ಕಲಿಯುತ್ತಿದ್ದರೆ ಹುಡುಗರ ಪತ್ರಿಕೆಗಳಿಂದಲೇ ಶುರು ಮಾಡಿ. ಕಾಂಜಿ (ಚೀನೀ ಮೂಲದ ಅಕ್ಷರ) ಪಕ್ಕದಲ್ಲಿ ಉಚ್ಚಾರಣೆಯನ್ನು ಸಣ್ಣ ಅಕ್ಷರದಲ್ಲಿ ಕೊಟ್ಟಿರುತ್ತಾರೆ. ದೊಡ್ಡವರ ಪತ್ರಿಕೆಗಳಲ್ಲಿ ಅದು ಸಾಮಾನ್ಯವಾಗಿ ಕಡಿಮೆ. ಒಸಾಕಾದಿಂದ ಕ್ಯೋಟೋ ಹತ್ತಿರವೇ. ಅಲ್ಲಿನ ಅಂತರರಾಷ್ಟ್ರೀಯ ಮಾಂಗಾ ಮ್ಯೂಸಿಯಂ 2006ರಲ್ಲಿ ಹಳೇ ಶಾಲಾ ಕಟ್ಟಡದಲ್ಲಿ ಶುರುವಾಯಿತು. ಗೋಡೆಯುದ್ದಕ್ಕೂ ಮಾಂಗಾ ಕಪಾಟು. ಬೇಕಾದ್ದು ತೆಗೆದುಕೊಂಡು ಹೊರಗಿನ ಹುಲ್ಲಿನ ಮೇಲೂ ಕೂತು ಓದಬಹುದು. ರಜೆ ದಿನ ಬೆಳಿಗ್ಗೆಯೇ ಹೋಗಿ.