ಹೈಡ್ರಾ ಬೊಂಬೆ 6 ದಿನವಾದರೂ ಅಂಟಂಟು, ಪ್ರೈಮರ್ ಒಣಗುತ್ತಲೇ ಇಲ್ಲ, ಯಾರಾದರೂ ಹೇಳಿ

ಕಡಲತಡಿ:
ಎಲ್ಲರಿಗೂ ನಮಸ್ಕಾರ. ಬೊಂಬೆಗೆ ಬಣ್ಣ ಹಚ್ಚುವ ಈ ತಿಂಗಳ ರಾಕ್ಷಸರ ಚಾಲೆಂಜಿಗೆ ಐದು ತಲೆಯ ಹಾವಿನಂಥ ಹೈಡ್ರಾ ಹಿಡಿದಿದ್ದೇನೆ. ಭಾನುವಾರ ಬೆಳಿಗ್ಗೆ ಕಪ್ಪು ಪ್ರೈಮರ್ (ಬಣ್ಣಕ್ಕೆ ಮೊದಲಿನ ತಳಕೋಟು) ಸ್ಪ್ರೇ ಮಾಡಿದೆ. ಇವತ್ತು ಶನಿವಾರ, ಇನ್ನೂ ಅಂಟಂಟು. ಮುಟ್ಟಿದರೆ ಹಲಸಿನ ಮೇಣ ಮುಟ್ಟಿದ ಹಾಗೆ. ನಡುವಿನ ಕುತ್ತಿಗೆಯ ಹುರುಪೆಗಳ ಮೇಲೆ ನನ್ನ ಹೆಬ್ಬೆರಳಿನ ಗೆರೆಗಳೆಲ್ಲ ಅಚ್ಚೊತ್ತಿ ಕೂತಿವೆ. ಕ್ಯಾನ್ ಎರಡು ನಿಮಿಷ ಕುಲುಕಿದ್ದೇನೆ, ತೆಳುವಾಗಿಯೇ ಹೊಡೆದಿದ್ದೇನೆ. ಎಲ್ಲ ಸರಿಯಾಗಿಯೇ ಮಾಡಿದ್ದೇನೆ. 31ಕ್ಕೆ ಕೊನೆ ದಿನ. ತಲೆ ಕೆಟ್ಟುಹೋಗಿದೆ ಮಾರಾಯ್ರೆ.

ಟೆರೇಸ್‌ಸ್ಟುಡಿಯೊ:
ಯಾವ ಊರು?

ಕಡಲತಡಿ:
ಮಂಗಳೂರು.

ಟೆರೇಸ್‌ಸ್ಟುಡಿಯೊ:
ಸಿಕ್ತಲ್ಲ ಕಾರಣ! ಜುಲೈ ತಿಂಗಳು, ಮಂಗಳೂರು, ಸ್ಪ್ರೇ ಕ್ಯಾನ್. ಗಾಳಿಯಲ್ಲೇ ಅಷ್ಟು ನೀರಿರುವಾಗ ಬಣ್ಣ ಹೇಗೆ ಒಣಗಬೇಕು? ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಎರಡು ದಿನ ಇಡಿ. ಒಣಗದಿದ್ದರೆ ಕೇಳಿ.

ಗುಮ್ಮ:
ಬೊಂಬೆ ಯಾವುದರದ್ದು? ಗಟ್ಟಿ ಪ್ಲಾಸ್ಟಿಕ್, ರೆಸಿನ್, ಲೋಹ, ಯಾವುದು?

ಮೂರುಕೂದಲು:
ಟೆರೇಸ್ ಹೇಳಿದ್ದು ಸರಿ. ನಾನು ಶಿರಸಿಯವಳು, ಮಳೆಗಾಲದ ಪಾಡು ಗೊತ್ತು. ಹೋದ ವರ್ಷ ಒಂದು ಟ್ರೋಲ್ ರಾಕ್ಷಸನ ಬೊಂಬೆಗೆ ಆಗಸ್ಟಿನಲ್ಲಿ ಹೊಳಪಿಲ್ಲದ ಮ್ಯಾಟ್ ವಾರ್ನಿಶ್ ಸ್ಪ್ರೇ ಹೊಡೆದೆ. ಮೂರು ವಾರ ಕೂತು ಬರೆದ ಚರ್ಮದ ಮೇಲೆ ಬೂಷ್ಟು ಹಿಡಿದ ಹಾಗೆ ಬಿಳಿ ಪರೆ ಬಂತು. ಬ್ರಷ್‌ನಲ್ಲಿ ಹೊಳಪಿನ ವಾರ್ನಿಶ್ ಹಚ್ಚಿದ ಮೇಲೆ ಮುಕ್ಕಾಲು ಪಾಲು ಹೋಯಿತು.

ಟೆರೇಸ್‌ಸ್ಟುಡಿಯೊ:
ಅದೇ ನೋಡಿ. ತೇವ.

ಧಾರವಾಡಡ್ರ್ಯಾಗನ್:
ಅದಿರಲಿ, ಹೈಡ್ರಾಕ್ಕೆ ಕಪ್ಪು ಪ್ರೈಮರ್ ಯಾಕ್ರೀ? ಹುರುಪೆ ಇರುವ ಮೈಗೆ ತಿಳಿ ಪ್ರೈಮರ್ ಹೊಡೆದು ಸಂದಿಗೆ ಇಳಿಯುವ ತೆಳು ಕಾಂಟ್ರಾಸ್ಟ್ ಬಣ್ಣ ಹಚ್ಚಿದರೆ ಒಂದೇ ಕೈಯಲ್ಲಿ ನೆರಳು, ಬೆಳಕು ಎರಡೂ ಬರುತ್ತವೆ. ಸಿಟಡೆಲ್ ಬಣ್ಣದವರು 2019ರಲ್ಲಿ ಅದನ್ನು ತಂದ ಮೇಲೆ ನಾನು ದೊಡ್ಡ ಮೃಗಗಳಿಗೆ ಬೇರೆ ಏನೂ ಹಚ್ಚಿಲ್ಲ.

ಮೂರುಕೂದಲು:
ದೊಡ್ಡ ಮೈಯಲ್ಲಿ ಕಾಂಟ್ರಾಸ್ಟ್ ಕೆರೆ ಕಟ್ಟಿದ ಹಾಗೆ ನಿಲ್ಲುತ್ತೆ, ಒಣಗಿದ ಮೇಲೆ ಕಲೆ ಕಾಣುತ್ತೆ. ಬೆನ್ನಿಗೆ, ರೆಕ್ಕೆಗೆ ನನಗಂತೂ ಬೇಡ. ಕಪ್ಪಿನ ಮೇಲೆ ಡ್ರೈಬ್ರಷ್ ಮಾಡಿದರೆ, ಅಂದರೆ ಬಣ್ಣ ಒರೆಸಿದ ಬ್ರಷ್ ಮೇಲಿಂದ ಸವರಿದರೆ, ಒಂದೊಂದು ಹುರುಪೆಯೂ ಎದ್ದು ಬರುತ್ತೆ.

ಧಾರವಾಡಡ್ರ್ಯಾಗನ್:
ಕೆರೆ ಕಟ್ಟಿದರೆ ಒಣ ಬ್ರಷ್‌ನಿಂದ ಹೀರಿ ತೆಗೀಬೇಕು ಅಕ್ಕಾರೆ. ಅದು ಬಣ್ಣದ ತಪ್ಪಲ್ಲ, ಕೈಯದು.

ಕಡಲತಡಿ:
ದಯವಿಟ್ಟು ನನ್ನ ಹೈಡ್ರಾ ಕಡೆ ಬನ್ನಿ. ಡಬ್ಬಿಯಲ್ಲಿ ಎರಡು ದಿನ ಇಟ್ಟಾಯಿತು. ಏನೂ ವ್ಯತ್ಯಾಸವಿಲ್ಲ.

ಟೆರೇಸ್‌ಸ್ಟುಡಿಯೊ:
ಸಿಲಿಕಾ ಜೆಲ್ ಹಳೆಯದಿರಬೇಕು. ಅಕ್ಕಿ ಡಬ್ಬದಲ್ಲಿ ಇಡಿ. ಅಥವಾ ಹೇರ್ ಡ್ರೈಯರ್ ದೂರದಿಂದ ಹಿಡಿಯಿರಿ. ನಾನು ಹೋದ ವರ್ಷ ಗಾಳಿಯಿಂದ ಬಣ್ಣ ಚಿಮ್ಮಿಸುವ ಏರ್‌ಬ್ರಷ್‌ಗೆ ಬಂದೆ. 0.3 ಮಿ.ಮೀ. ನಾಝಲ್, 3 ಲೀಟರ್ ಟ್ಯಾಂಕಿನ ಕಂಪ್ರೆಸರ್, ಕಿಟಕಿಗೆ ಹೊಗೆ ಎಳೆಯುವ ಫ್ಯಾನ್, ಹಗಲು ಬೆಳಕಿನ ಎಲ್‌ಇಡಿ ದೀಪ ಎರಡು. ಈಗ ಮಳೆ, ಬಿಸಿಲು ಯಾವುದರ ಹಂಗೂ ಇಲ್ಲ.

ಗುಮ್ಮ:
ಮತ್ತೆ ಕೇಳುತ್ತಿದ್ದೇನೆ. ಬೊಂಬೆ ಯಾವುದರದ್ದು? ಅದೇ ದಿನ ಅದೇ ಕ್ಯಾನಿನಲ್ಲಿ ಬೇರೆ ಏನಾದರೂ ಹೊಡೆದಿದ್ದೀರಾ?

ಕಡಲತಡಿ:
ಪ್ಲಾಸ್ಟಿಕ್ಕೇ, ಇನ್ನೇನು ಇರುತ್ತೆ. ಹೌದು, ಜೊತೆಗೆ ಮೂರು ಗಾಬ್ಲಿನ್ ಬೊಂಬೆ ಇದ್ದವು. ಅವು ಪ್ಲಾಸ್ಟಿಕ್ ಚೌಕಟ್ಟಿನಿಂದ ಬಿಡಿ ಭಾಗ ಕತ್ತರಿಸಿ ಅಂಟಿಸಿದವು. ಅರ್ಧ ಗಂಟೆಯಲ್ಲಿ ಒಣಗಿದವು, ಈಗ ಬಣ್ಣವೂ ಮುಗಿದಿದೆ.

ಗುಮ್ಮ:
ಇದನ್ನು ಮೊದಲೇ ಹೇಳಬೇಕಿತ್ತು. ಹೈಡ್ರಾದ ಬಾಲದ ತುದಿ ಬೆರಳಿನಿಂದ ಬಗ್ಗಿಸಿದರೆ ಬಗ್ಗುತ್ತದಾ?

ಕಡಲತಡಿ:
ಬಗ್ಗುತ್ತೆ. ಪೊಟ್ಟಣದಿಂದ ತೆಗೆದಾಗ ಎರಡು ಕುತ್ತಿಗೆ ಬಾಡಿದ ಹಾಗೆ ಬಾಗಿದ್ದವು. ಕುದಿ ನೀರಿನಲ್ಲಿ ಅದ್ದಿ ನೆಟ್ಟಗೆ ಮಾಡಿ ತಣ್ಣೀರಿಗೆ ಹಾಕಿದೆ, ಹಾಗೇ ನಿಂತವು. ಅದಕ್ಕೂ ಪ್ರೈಮರಿಗೂ ಏನು ಸಂಬಂಧ?

ಗುಮ್ಮ:
ಅದೇ ಎಲ್ಲ. ನಿಮ್ಮ ಗಾಬ್ಲಿನ್‌ಗಳು ಪಾಲಿಸ್ಟೈರೀನ್, ಬಗ್ಗಿಸಿದರೆ ಲಟಕ್ಕನೆ ಮುರಿಯುತ್ತವೆ. ಹೈಡ್ರಾ ಮೆದು ಪಿವಿಸಿ. ಪಿವಿಸಿಯನ್ನು ಮೆದು ಮಾಡಲು ಎಣ್ಣೆಯಂಥ ಪ್ಲಾಸ್ಟಿಸೈಸರ್ ಬೆರೆಸಿರುತ್ತಾರೆ. ಸ್ಪ್ರೇ ಕ್ಯಾನಿನ ಸಾಲ್ವೆಂಟ್ (ಬಣ್ಣ ಕರಗಿಸುವ ದ್ರವ) ಅದಕ್ಕೆ ತಗುಲಿದರೆ ಆ ಮೆದುಕಾರಕ ಬಣ್ಣದೊಳಗೆ ಬರುತ್ತದೆ. ಆಮೇಲೆ ಬಣ್ಣವೇ ಮೆತ್ತಗಾಗಿ ಉಳಿಯುತ್ತದೆ. ಒಂದು ವಾರವಲ್ಲ, ಒಂದು ವರ್ಷ ಬಿಟ್ಟರೂ ಅಂಟು ಹೋಗದಿರಬಹುದು. ಎಲ್ಲ ಕ್ಯಾನ್‌ಗಳೂ ಹೀಗೆ ಮಾಡುವುದಿಲ್ಲ, ಆದರೆ ಹೊಡೆದು ನೋಡುವ ತನಕ ಗೊತ್ತಾಗುವುದಿಲ್ಲ. ಹೇರ್ ಡ್ರೈಯರ್ ಮಾತ್ರ ಹಿಡಿಯಬೇಡಿ, ಕುತ್ತಿಗೆಗಳು ಮತ್ತೆ ಬಾಗುತ್ತವೆ.

ಟೆರೇಸ್‌ಸ್ಟುಡಿಯೊ:
ಒಪ್ಪೋದಿಲ್ಲ. ಗಾಬ್ಲಿನ್ ಸಣ್ಣದು, ಅದಕ್ಕೆ ಬೇಗ ಒಣಗಿದೆ. ನನ್ನ ಹತ್ತಿರವೂ ಮೆದು ಪ್ಲಾಸ್ಟಿಕ್ ಓಗ್ರ್ ಇದೆ, ಪ್ರೈಮರ್ ಚೆನ್ನಾಗಿಯೇ ಕೂತಿದೆ.

ಗುಮ್ಮ:
ಏರ್‌ಬ್ರಷ್‌ನಲ್ಲಿ ಹೊಡೆದಿದ್ದಲ್ವಾ? ಯಾವ ಪ್ರೈಮರ್?

ಟೆರೇಸ್‌ಸ್ಟುಡಿಯೊ:
ವಲ್ಲೆಹೋ ಕಂಪನಿಯ ಪಾಲಿಯುರೇಥೇನ್ ಪ್ರೈಮರ್.

ಗುಮ್ಮ:
ಅದು ನೀರಿನದ್ದು. ಅದಕ್ಕೇ ಕೂತಿದೆ.

ಮೂರುಕೂದಲು:
ಹಾಗಾದರೆ ಈಗ ಕಿತ್ತು ತೆಗೆಯೋದು ಹೇಗೆ? ನೇಲ್ ಪಾಲಿಶ್ ರಿಮೂವರ್?

ಗುಮ್ಮ:
ಬೇಡ ಅಕ್ಕ. ಅಸಿಟೋನ್ ಇದ್ದರೆ ಪ್ಲಾಸ್ಟಿಕ್ಕೇ ಉಬ್ಬಿ ಹಾಳಾಗುತ್ತದೆ. ಕಂದು ಬಣ್ಣದ ಡೆಟಾಲ್ ತಗೊಳ್ಳಿ, ನೀರು ಬೆರೆಸದೆ. ಮೊದಲು ಪೀಠದ ಅಡಿಯಲ್ಲಿ ಒಂದು ಹನಿ ಹಚ್ಚಿ ಒಂದು ಗಂಟೆ ನೋಡಿ. ಏನೂ ಆಗದಿದ್ದರೆ ಮುಳುಗಿಸಿ ನಾಲ್ಕೈದು ಗಂಟೆ ಬಿಡಿ. ಗ್ಲೌಸ್ ಹಾಕಿ, ಕಿಟಕಿ ತೆಗೆದು, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಒಂದು ಮಾತು ಮರೆಯಬೇಡಿ: ಬಣ್ಣ ಪೂರ್ತಿ ಬಿಡುವ ತನಕ ನೀರು ಸೋಕಿಸಬೇಡಿ. ಸೋಕಿದರೆ ಬಿಟ್ಟ ಬಣ್ಣವೆಲ್ಲ ಡಾಂಬರಿನ ಹಾಗೆ ಮತ್ತೆ ಮೆತ್ತಿಕೊಳ್ಳುತ್ತದೆ. ಬ್ರಷ್ಷನ್ನೂ ಡೆಟಾಲಿನಲ್ಲೇ ಅದ್ದಿ ತೊಳೆಯಿರಿ. ಕೊನೆಗೆ ಪಾತ್ರೆ ತೊಳೆಯುವ ಲಿಕ್ವಿಡ್, ನೀರು.

ಆಮೇಲೆ ಸ್ಪ್ರೇ ಬೇಡವೇ ಬೇಡ. ಬ್ರಷ್‌ನಲ್ಲಿ ಹಚ್ಚುವ ಅಕ್ರಿಲಿಕ್ ಪ್ರೈಮರ್ ಸಾಕು. ಮೊದಲ ಕೋಟಿಗೆ ನೀರು ಬೆರೆಸಬೇಡಿ. ಈ ಪ್ಲಾಸ್ಟಿಕ್ ಮೇಲೆ ತೆಳು ಬಣ್ಣ ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಹನಿಹನಿಯಾಗಿ ಓಡುತ್ತದೆ.

ಧಾರವಾಡಡ್ರ್ಯಾಗನ್:
ಟೆರೇಸ್ ಸರ್, ಆ 3 ಲೀಟರ್ ಕಂಪ್ರೆಸರ್ ಸದ್ದು ಎಷ್ಟು? ನಮ್ಮನೇಲಿ ಮಗು ಮಲಗಿದ ಮೇಲೇ ನನಗೆ ಬಣ್ಣದ ಕೆಲಸ.

ಟೆರೇಸ್‌ಸ್ಟುಡಿಯೊ:
ಟ್ಯಾಂಕ್ ತುಂಬಿದ ಮೇಲೆ ತಾನೇ ನಿಲ್ಲುತ್ತೆ. ಅಡಿಯಲ್ಲಿ ಹಳೇ ಯೋಗಾ ಚಾಪೆ ಹಾಕಿದ್ದೇನೆ. ಫೋಟೊ ಬೇರೆ ಚರ್ಚೆಯಲ್ಲಿ ಹಾಕ್ತೀನಿ.

ಕಡಲತಡಿ:
ಗುಮ್ಮ ಅವರೇ, ಕೈ ಮುಗಿದೆ. ನಿನ್ನೆ ಸಂಜೆ ಐದು ಗಂಟೆ ನೆನೆಸಿದೆ. ಬ್ರಷ್ ಇಟ್ಟ ಕೂಡಲೇ ಕಪ್ಪು ಪದರ ಹಾವಿನ ಪೊರೆಯ ಹಾಗೆ ಸುಲಿದು ಬಂತು. ಹೆಬ್ಬೆಟ್ಟಿನ ಗುರುತು ಅದರ ಜೊತೆಗೇ ಹೋಯಿತು, ಅಡಿಯ ಹುರುಪೆಗಳಿಗೆ ಏನೂ ಆಗಿಲ್ಲ. ಹಲ್ಲುಗಳ ಸಂದಿಯಲ್ಲಿ ಉಳಿದದ್ದನ್ನು ಬಿದಿರು ಕಡ್ಡಿಯಿಂದ ಕೆರೆದೆ. ಇವತ್ತು ಬೆಳಿಗ್ಗೆ ಬ್ರಷ್‌ನಲ್ಲಿ ಪ್ರೈಮರ್ ಹಚ್ಚಿದೆ. ಹೊರಗೆ ಜೋರು ಮಳೆ, ಆದರೂ ಮಧ್ಯಾಹ್ನದ ಊಟಕ್ಕೆ ಮೊದಲು ಒಣಗಿತ್ತು.

ನಡುವಿನ ತಲೆಗೆ ಯಕ್ಷಗಾನದ ಬಣ್ಣದ ವೇಷದ ಹಾಗೆ ಕೆಂಪು, ಕಪ್ಪು ಬರೆದು ಕಣ್ಣಿನ ಸುತ್ತ ಬಿಳಿ ಚುಕ್ಕೆಗಳ ಚುಟ್ಟಿ ಇಡುತ್ತಿದ್ದೇನೆ. ಚಿಕ್ಕವನಿದ್ದಾಗ ವೇಷ ಕಟ್ಟುವ ಚೌಕಿಯಲ್ಲಿ ಕೂತು ಅಕ್ಕಿಹಿಟ್ಟಿನ ಚುಟ್ಟಿ ಒಂದೊಂದಾಗಿ ಇಡುವುದನ್ನು ಗಂಟೆಗಟ್ಟಲೆ ನೋಡಿದ್ದೇನೆ. ಇಲ್ಲಿ ಸೂಜಿ ಮೊನೆಯಿಂದ ಇಡಬೇಕು. ಒಂದು ಕಣ್ಣಿಗೆ 14 ಚುಕ್ಕೆ ಹಿಡಿದವು.

ಮೂರುಕೂದಲು:
ಫೋಟೊ ಹಾಕಿ ಬೇಗ! ಸೂಜಿ ಬಿಟ್ಟು ಸೊನ್ನೆ ನಂಬರ್ ಬ್ರಷ್‌ನಲ್ಲಿ ಪ್ರಯತ್ನ ಮಾಡಿ, ತುದಿ ಚೂಪಾಗಿದ್ದರೆ ಅದಕ್ಕಿಂತ ಸಣ್ಣದು ಬೇಡ.

ಟೆರೇಸ್‌ಸ್ಟುಡಿಯೊ:
ಒಣಗಿದ್ದು ಖುಷಿ. ಆದರೆ ವಾರ್ನಿಶ್ ಮಾತ್ರ ಮಳೆ ಬಿಟ್ಟ ದಿನವೇ ಹೊಡೆಯಿರಿ.

ಗುಮ್ಮ:
ವಾರ್ನಿಶ್ ಕೂಡ ಬ್ರಷ್‌ನಲ್ಲೇ. ಸ್ಪ್ರೇ ವಾರ್ನಿಶ್‌ನಲ್ಲೂ ಸಾಲ್ವೆಂಟ್ ಇರುತ್ತದೆ.

ಕಡಲತಡಿ:
ಸರಿ, ಬ್ರಷ್‌ನಲ್ಲೇ. ಇನ್ನು ನಾಲ್ಕು ತಲೆ ಬಾಕಿ. ರಾತ್ರಿ ಫೋಟೊ ಹಾಕ್ತೇನೆ.